ಸದ್ದಿನ ಲೆಕ್ಕ ಸಾಕು, ಧೂಳಿನ ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ಜೀಪುಗಳಿಗೆ ಹೊರಗಿನಿಂದ ತಂದು ಕೂಡಿಸುವ ಏರ್ ಇಂಟೇಕ್, ಎಂದರೆ ಎಂಜಿನ್‌ಗೆ ಗಾಳಿ ಎಳೆಯುವ ಫಿಲ್ಟರ್-ಕೊಳವೆಯ ಜೋಡಣೆ, ಬಗ್ಗೆ ನಿಮ್ಮ ವಾಹನ ಪುಟದಲ್ಲಿ ಬಂದ ಬರಹ ಓದಿದೆ. ಶಕ್ತಿ ಎಷ್ಟು ಹೆಚ್ಚುತ್ತದೆ, ಸದ್ದು ಎಷ್ಟು ಗಡುಸಾಗುತ್ತದೆ, ಬಾನೆಟ್ ಎತ್ತಿದಾಗ ಹೇಗೆ ಕಾಣುತ್ತದೆ ಎಂಬುದೆಲ್ಲ ಅದರಲ್ಲಿತ್ತು. ಧೂಳಿನ ಮಾತೇ ಇರಲಿಲ್ಲ. ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಮನೆಮನೆಗೆ ಹೋಗುವ ಪತ್ರಿಕೆಯಲ್ಲಿ ಇದು ಸಣ್ಣ ಕೊರತೆಯಲ್ಲ. ನಾನು ಕಪನೂರಿನಲ್ಲಿ ಎಂಜಿನ್ ಬೋರಿಂಗ್, ಎಂದರೆ ಸವೆದ ಸಿಲಿಂಡರನ್ನು ಕೊರೆದು ಸರಿಮಾಡುವ ಕೆಲಸ ಮಾಡುವವನು. ಟ್ರ್ಯಾಕ್ಟರ್, ಟಿಪ್ಪರ್, ಜೀಪು ಯಾವುದೇ ಇರಲಿ, ಸಿಲಿಂಡರ್ ಸವೆದ ಮೇಲೆ ಬಂದು ಸೇರುವುದು ನನ್ನಂಥವರ ಯಂತ್ರದ ಮೇಲೆ.

ಹೋದ ಸಲ ತೊಗರಿ ರಾಶಿ ಮುಗಿದ ಮೇಲೆ ಅಫಜಲಪುರ ಕಡೆಯ ರೈತನ ಮಗನೊಬ್ಬ ಡೀಸೆಲ್ ಜೀಪು ತಂದ. ಮೂಲ ಫಿಲ್ಟರ್ ಡಬ್ಬಿ ತೆಗೆಸಿ, ಅದರ ಜಾಗದಲ್ಲಿ ಎಣ್ಣೆ ಸವರಿದ ಹತ್ತಿ ಬಟ್ಟೆಯ ಶಂಕುವಿನಾಕಾರದ ಫಿಲ್ಟರನ್ನು ತೆರೆದೇ ಕೂಡಿಸಿದ್ದ. ‘ಕಾಕಾ, ಪಿಕಪ್ ಚೆನ್ನಾಗಿದೆ, ಆದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ’ ಎಂದ. ಎಂಜಿನ್ ಚಾಲೂ ಇಟ್ಟು ಆಯಿಲ್ ಗೇಜ್ ಕಡ್ಡಿ ಎಳೆದರೆ ಆ ತೂತಿನಿಂದ ಹೊಗೆ ಬುಸುಗುಟ್ಟುತ್ತಿತ್ತು. ಸವೆದ ಸಿಲಿಂಡರಿನಿಂದ ಒತ್ತಡ ಕೆಳಗೆ ಸೋರುವ ಇದನ್ನು ನಾವು ಬ್ಯಾಕ್ ಕಂಪ್ರೆಷನ್ ಎನ್ನುತ್ತೇವೆ. ಹೆಡ್ ಬಿಚ್ಚಿ ನೋಡಿದಾಗ ಸಿಲಿಂಡರ್ ಗೋಡೆಯಲ್ಲಿ ಆಯಿಲ್ ಹಿಡಿದಿಡುವ ಹೋನಿಂಗ್ ಗೆರೆಗಳು ಪೂರ್ತಿ ಅಳಿಸಿಹೋಗಿದ್ದವು. ಮೇಲ್ಗಡೆ, ಪಿಸ್ಟನ್ ರಿಂಗ್ ತಿರುಗಿ ಇಳಿಯುವ ಜಾಗದಲ್ಲಿ, ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಅಂಚು ಎದ್ದಿತ್ತು. ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊದ ಚಕ್ರದ ಎಲೆಗಳ ತುದಿ ಮೊಂಡಾಗಿತ್ತು. ಫಿಲ್ಟರಿನಿಂದ ಟರ್ಬೊಗೆ ಹೋಗುವ ಕೊಳವೆಯ ಒಳಗೆ ಬೆರಳು ಹಾಕಿ ಸವರಿ ಅವನಿಗೇ ತೋರಿಸಿದೆ: ಬೂದು ಬಣ್ಣದ ನುಣುಪಾದ ಪುಡಿ, ಹೆಬ್ಬೆರಳಿನಿಂದ ಉಜ್ಜಿದರೆ ಕರಕರ ಎನ್ನುತ್ತದೆ. ಶೋಧಿಸಿದ ಗಾಳಿಯಷ್ಟೇ ಹಾಯಬೇಕಾದ ಕೊಳವೆ ಅದು. ಅಪ್ಪ ಮಾರಿದ ತೊಗರಿಯ ದುಡ್ಡಿನಲ್ಲಿ ಒಂದು ಪಾಲು ಆ ಎಂಜಿನ್‌ಗೆ ಹೋಯಿತು. ಆ ಹುಡುಗನ ಮುಖ ನೋಡಿ ನನಗೆ ಸಂಕಟವಾಯಿತು. ಅಂಗಡಿಯವನು ಅವನಿಗೆ ಹೇಳಬೇಕಾದದ್ದನ್ನು ಹೇಳಿಯೇ ಇರಲಿಲ್ಲ.

2.2 ಲೀಟರಿನ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ, ಎರಡು ಸುತ್ತಿಗೊಮ್ಮೆ ಗಾಳಿ ಎಳೆಯುವ ಲೆಕ್ಕದಲ್ಲಿ, ನಿಮಿಷಕ್ಕೆ ಸುಮಾರು 2,200 ಲೀಟರ್ ಗಾಳಿ ಒಳಗೆ ಹೋಗುತ್ತದೆ. ಗಂಟೆಗೆ 1.32 ಲಕ್ಷ ಲೀಟರ್. ಟರ್ಬೊ ಒತ್ತಿ ತುಂಬುವುದರಿಂದ ಇನ್ನೂ ಹೆಚ್ಚು. ಡಿಸೆಂಬರ್, ಜನವರಿಯಲ್ಲಿ ರಾಶಿ ಯಂತ್ರದ ಪಕ್ಕದಲ್ಲಿ, ಬೇಸಿಗೆಯಲ್ಲಿ ಎರೆಮಣ್ಣಿನ ಬಂಡಿದಾರಿಯಲ್ಲಿ, ಮುಂದೊಂದು ಟಿಪ್ಪರ್ ಹೋಗುತ್ತಿರುವಾಗ ಆ ಗಾಳಿ ಹೇಗಿರುತ್ತದೆ ಎಂಬುದನ್ನು ಇಲ್ಲಿಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕಡೆಯ ಧೂಳೆಲ್ಲ ಒಂದೇ ಬಗೆಯದೂ ಅಲ್ಲ. ತೊಗರಿಯ ಹೊಟ್ಟು ಫಿಲ್ಟರಿನ ಬಾಯಿ ಮುಚ್ಚುತ್ತದೆ, ಎಂಜಿನ್ ಎಳೆಯುವುದಿಲ್ಲ, ಆದರೆ ಲೋಹವನ್ನು ಅಷ್ಟಾಗಿ ಕೆರೆಯುವುದಿಲ್ಲ. ಶಹಾಬಾದ್, ವಾಡಿ, ಸೇಡಂ ಗಣಿಗಳ ಸುಣ್ಣಕಲ್ಲಿನ ಪುಡಿ ನೋಡಲು ಭಯಂಕರವಾದರೂ ಮೆತ್ತನೆಯದು, ಗಡಸುತನದ ಮೋಸ್ ಮಾಪಕದಲ್ಲಿ ಸುಣ್ಣಕಲ್ಲಿನ ಖನಿಜಕ್ಕೆ 3 ಅಂಕ. ಮರಳಿನಲ್ಲಿರುವ ಬೆಣಚು ಕಲ್ಲಿಗೆ 7. ಭೀಮೆಯ ದಂಡೆಯಲ್ಲಿ ಓಡಾಡಿದ ಜೀಪುಗಳ ಸಿಲಿಂಡರ್ ಬೇಗ ಸವೆಯುವುದಕ್ಕೆ ಇದೇ ಕಾರಣ. ಅದರಲ್ಲೂ 10 ಮೈಕ್ರಾನಿನ ಆಸುಪಾಸಿನ ಕಣಗಳು, ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣವು, ರಿಂಗ್ ಮತ್ತು ಗೋಡೆಯ ನಡುವಿನ ಆಯಿಲ್ ಪದರಕ್ಕೆ ಸೇರಿ ಎರಡನ್ನೂ ತಿನ್ನುತ್ತವೆ. ಆದ್ದರಿಂದ ಕಣ್ಣಿಗೆ ಫಿಲ್ಟರ್ ದಟ್ಟವಾಗಿ ಕಂಡಿತು ಎಂಬುದರಿಂದ ಏನೂ ತಿಳಿಯುವುದಿಲ್ಲ.

ತಿಳಿಯುವುದು ಪರೀಕ್ಷೆಯಿಂದ. ಏರ್ ಫಿಲ್ಟರ್ ಪರೀಕ್ಷಿಸುವುದಕ್ಕೆ ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಗೊತ್ತುಪಡಿಸಿದ ಧೂಳನ್ನು ತೂಗಿ ಬಿಟ್ಟು, ಫಿಲ್ಟರ್ ಎಷ್ಟು ಹಿಡಿಯಿತು, ಎಷ್ಟು ದಾಟಿಸಿತು, ಗಾಳಿಗೆ ಎಷ್ಟು ತಡೆಯೊಡ್ಡಿತು ಎಂದು ಅಳೆಯುತ್ತಾರೆ. ಒಂದು ಫಿಲ್ಟರ್ 99.5 ಶೇಕಡ ಹಿಡಿಯುತ್ತದೆ, ಇನ್ನೊಂದು 97 ಶೇಕಡ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಎರಡೂವರೆ ಅಂಕದ ವ್ಯತ್ಯಾಸ ತಾನೇ ಎನ್ನಿಸುತ್ತದೆ. ಆದರೆ ಎಂಜಿನ್‌ಗೆ ಲೆಕ್ಕ ದಾಟಿ ಬಂದ ಧೂಳಿನದು. ನೂರು ಗ್ರಾಂ ಧೂಳಿನಲ್ಲಿ ಮೊದಲನೆಯದು ದಾಟಿಸಿದ್ದು ಅರ್ಧ ಗ್ರಾಂ, ಎರಡನೆಯದು ಮೂರು ಗ್ರಾಂ. ಆರು ಪಟ್ಟು! ‘ಗಾಳಿ ಸರಾಗವಾಗಿ ಹರಿಯುತ್ತದೆ’ ಎಂಬ ಜಾಹೀರಾತಿನ ಹಿಂದೆ ಬಹಳ ಸಲ ಅಡಗಿರುವುದು ಇದೇ. ಜರಡಿಯ ತೂತು ದೊಡ್ಡದಾದರೆ ಹಿಟ್ಟು ಬೇಗ ಇಳಿಯುತ್ತದೆ, ತೌಡೂ ಜೊತೆಗೇ ಇಳಿಯುತ್ತದೆ.

ಶಕ್ತಿ ಹೆಚ್ಚುತ್ತದೆ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಈಗಿನ ಟರ್ಬೊ ಡೀಸೆಲ್ ಎಂಜಿನ್‌ಗಳಲ್ಲಿ ಟರ್ಬೊ ಒತ್ತಡವನ್ನೂ ಇಂಧನವನ್ನೂ ಇಸಿಯು ಎಂಬ ಎಂಜಿನ್ನಿನ ಕಂಪ್ಯೂಟರ್ ನಿಯಂತ್ರಿಸುತ್ತದೆ. ಅದನ್ನು ಮುಟ್ಟದೆ ಬರೀ ಫಿಲ್ಟರ್ ಬದಲಿಸಿದರೆ ಹೆಚ್ಚುವುದು ಸದ್ದು. ಮೇಲಾಗಿ ಡಬ್ಬಿಯಿಲ್ಲದ ಫಿಲ್ಟರ್ ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಹೊರಗೆ 40 ಡಿಗ್ರಿ ಇದ್ದು ಒಳಗೆ 70 ಡಿಗ್ರಿ ಇದ್ದರೆ ಆ ಗಾಳಿಯ ಸಾಂದ್ರತೆ ಸುಮಾರು 9 ಶೇಕಡ ಕಡಿಮೆ, ಆಮ್ಲಜನಕವೂ ಅಷ್ಟೇ ಕಡಿಮೆ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಇದಕ್ಕೆ ದುಡ್ಡು ಕೊಡುವುದು ನಷ್ಟ. ಎಣ್ಣೆ ಸವರುವ ಫಿಲ್ಟರಿನಲ್ಲಿ ಇನ್ನೊಂದು ತೊಂದರೆಯಿದೆ. ತೊಳೆದ ಮೇಲೆ ಎಣ್ಣೆ ಹೆಚ್ಚಾದರೆ ಅದು ಹಾರಿ ಗಾಳಿ ಅಳೆಯುವ ಸೆನ್ಸರಿಗೆ ಅಂಟುತ್ತದೆ, ಆಗ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ.

ಹಾಗಾದರೆ ಏನನ್ನೂ ಬದಲಿಸಬಾರದೇ? ಬದಲಿಸಬಹುದು. ಇಲ್ಲಿ ಹೊಲ, ಗಣಿ, ಕಾಡಂಚಿನ ದಾರಿಯಲ್ಲಿ ನಿತ್ಯ ಓಡಿಸುವವರಿಗೆ ನಾನು ಹೇಳುವುದು ಇಷ್ಟು: ಮೂಲ ಡಬ್ಬಿ, ಅದರ ಕಾಗದದ ಫಿಲ್ಟರ್ ಎರಡನ್ನೂ ಹಾಗೇ ಉಳಿಸಿಕೊಳ್ಳಿ, ಗಾಳಿ ಎಳೆಯುವ ಬಾಯನ್ನು ಮಾತ್ರ ಮೇಲಕ್ಕೆತ್ತಿ. ಅದೇ ಸ್ನಾರ್ಕೆಲ್. ಎಲ್ಲರೂ ಅದನ್ನು ನೀರು ದಾಟುವ ಕೊಳವೆ ಎಂದುಕೊಂಡಿದ್ದಾರೆ, ನಮ್ಮ ಸೀಮೆಯಲ್ಲಿ ಅದರ ನಿತ್ಯದ ಉಪಯೋಗ ಧೂಳಿಗೆ. ಚಕ್ರ ಎಬ್ಬಿಸುವ ಧೂಳು ಚಕ್ರದ ಮಟ್ಟದಲ್ಲಿ ದಟ್ಟ, ಛಾವಣಿಯ ಮಟ್ಟದಲ್ಲಿ ತೆಳು. ಕೊಳವೆಯ ತುದಿಗೆ ಗಾಳಿಯನ್ನು ಗಿರ್ರನೆ ತಿರುಗಿಸಿ ದಪ್ಪ ಕಣಗಳನ್ನು ಹೊರಗೆಸೆಯುವ ಪ್ರಿ-ಕ್ಲೀನರ್ ಕೂಡಿಸಿದರೆ ಫಿಲ್ಟರಿನ ಹೊರೆ ಇನ್ನೂ ಇಳಿಯುತ್ತದೆ. ಇದು ಹೊಸದೇನಲ್ಲ, ಎಷ್ಟೋ ಟ್ರ್ಯಾಕ್ಟರುಗಳ ತಲೆಯ ಮೇಲೆ ಇದೇ ಇದೆ. ಫೋರ್ಸ್ ಗೂರ್ಖಾ ಜೀಪಿಗೆ ಕಂಪನಿಯವರೇ ಸ್ನಾರ್ಕೆಲ್ ಕೂಡಿಸಿ ಕೊಡುತ್ತಾರೆ.

ಆದರೆ ಪೇಟೆಯಲ್ಲಿ ಸಿಗುವ ಸ್ನಾರ್ಕೆಲ್‌ಗಳಲ್ಲಿ ಅಲಂಕಾರಕ್ಕೆಂದೇ ಮಾಡಿದವು ಬಹಳ. ಕೊಳವೆ ಮೇಲೆ ನಿಂತಿರುತ್ತದೆ, ಕೆಳಗಿನ ಜೋಡಣೆಯಲ್ಲಿ ಸಂದು. ಎಂಜಿನ್ ಗಾಳಿ ಎಳೆಯುವುದು ಆ ಸಂದಿನಿಂದ. ಕೂಡಿಸಿದ ದಿನವೇ, ದುಡ್ಡು ಕೊಡುವ ಮೊದಲು, ಎಂಜಿನ್ ಐಡಲ್‌ನಲ್ಲಿರುವಾಗ ಕೊಳವೆಯ ಬಾಯನ್ನು ಸಪಾಟು ಹಲಗೆಯಿಂದ ಮುಚ್ಚಿಸಿ ನೋಡಿ. ಎಂಜಿನ್ ಉಸಿರುಗಟ್ಟಿ ನಿಲ್ಲಬೇಕು. ಆರಾಮವಾಗಿ ಓಡುತ್ತಲೇ ಇದ್ದರೆ ಗಾಳಿ ಬೇರೆಲ್ಲಿಂದಲೋ ಬರುತ್ತಿದೆ ಎಂದರ್ಥ. ಫಿಲ್ಟರಿನ ನಂತರದ ಕೊಳವೆಗೂ ಒಂದು ಪರೀಕ್ಷೆಯಿದೆ. ಅದರ ಒಳಮೈಗೆ ಗ್ರೀಸನ್ನು ತೀರಾ ತೆಳುವಾಗಿ ಸವರಿ, ಕೆಲವು ದಿನ ಓಡಿಸಿ, ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಯ ಮೇಲೆ ಕರಕರ ಸಿಕ್ಕರೆ ಫಿಲ್ಟರ್ ಸೋರುತ್ತಿದೆ ಅಥವಾ ಅದರ ರಬ್ಬರ್ ಅಂಚು ಸರಿಯಾಗಿ ಕೂತಿಲ್ಲ. ಕಂಪ್ರೆಸರ್ ಗಾಳಿಯಿಂದ ಕಾಗದದ ಫಿಲ್ಟರನ್ನು ದಿನಾ ಊದಿಸುವುದನ್ನೂ ನಿಲ್ಲಿಸಬೇಕು. ಕಾಗದ ಒಡೆಯುತ್ತದೆ. ಸ್ವಲ್ಪ ಧೂಳು ಹಿಡಿದ ಕಾಗದ ಹೊಸದಕ್ಕಿಂತ ಚೆನ್ನಾಗಿ ಶೋಧಿಸುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ನೀರಿನ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಹೇಗೆ ಬಂದಳು ಎಂಬುದನ್ನು ಈ ಜಿಲ್ಲೆ ಮರೆತಿಲ್ಲ. ಮಳೆಗಾಲ ಜೋರಾದರೆ ದಂಡೋತಿಯಲ್ಲಿ, ಮಳಖೇಡದಲ್ಲಿ ಕಾಗಿಣಾ ನದಿ ಸೇತುವೆಯ ಮೇಲೆ ಹರಿಯುತ್ತದೆ. ಸ್ನಾರ್ಕೆಲ್ ಇದೆ ಎಂದು ಅಂಥ ನೀರಿಗೆ ಜೀಪು ಇಳಿಸಬೇಡಿ, ಕೈಮುಗಿದು ಕೇಳುತ್ತೇನೆ. ಎರಡು ಅಡಿ ಹರಿಯುವ ನೀರು ಹೆಚ್ಚಿನ ವಾಹನಗಳನ್ನು ಎತ್ತಿ ಒಯ್ಯುತ್ತದೆ. ಕೊಳವೆ ಕಾಯುವುದು ಎಂಜಿನ್ನಿನ ಉಸಿರನ್ನಷ್ಟೇ, ಒಳಗೆ ಕೂತವರನ್ನಲ್ಲ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ರೂಪ ಬದಲಿಸುವುದಕ್ಕೆ ಮಿತಿ ಹಾಕಿದೆ, 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ವಾರಂಟಿ ಉಳಿಯುತ್ತದೆಯೇ ಎಂಬುದನ್ನು ಷೋರೂಮಿನವರಿಂದ ಬರಹದಲ್ಲಿ ಪಡೆಯಿರಿ.

ಸಂಪಾದಕರೇ, ನಿಮ್ಮಲ್ಲಿ ನನ್ನ ವಿನಂತಿ ಇದು. ಇನ್ನು ಮುಂದೆ ಇಂಥ ಉಪಕರಣದ ಬಗ್ಗೆ ಬರೆಸುವಾಗ ಐಎಸ್‌ಒ 5011 ಪರೀಕ್ಷೆಯಲ್ಲಿ ಅದು ಎಷ್ಟು ಶೇಕಡ ಧೂಳು ತಡೆಯಿತು, ತುಂಬಿಕೊಳ್ಳುವ ಮೊದಲು ಎಷ್ಟು ಗ್ರಾಂ ಧೂಳು ಹಿಡಿಯಿತು ಎಂಬ ಎರಡು ಅಂಕಿಗಳನ್ನು ಮಾರುವವರಿಂದ ಕೇಳಿ ಪಡೆದು, ಶಕ್ತಿಯ ಅಂಕಿಯ ಪಕ್ಕದಲ್ಲೇ ಮುದ್ರಿಸಿ. ಅವರು ಕೊಡದಿದ್ದರೆ ‘ಕೇಳಿದೆವು, ಕೊಡಲಿಲ್ಲ’ ಎಂದೇ ಮುದ್ರಿಸಿ.

ಇತಿ,
ಎಂಜಿನ್ ಬೋರಿಂಗ್ ಕೆಲಸಗಾರ,
ಕಪನೂರ, ಕಲಬುರಗಿ