ಹೆಸರು ಬೇಡವೆಂದ ಸರ್‌ಗೆ

ಮಡಿಕೇರಿಯಲ್ಲಿ ಹಳೇ ಕಡತಗಳ ದಾರಿ ತೋರಿಸಿದ ಸರ್, ಹೆಸರು ಹಾಕಬೇಡಿ ಅಂದಿರಿ. ಹಾಕಿಲ್ಲ. ಥ್ಯಾಂಕ್ಸ್ ಹೇಳಬೇಡಿ ಅಂತೇನೂ ಅನ್ನಲಿಲ್ಲ ಅಲ್ವಾ?

ನಮ್ಮ ಅಜ್ಜಿಯ ಮುತ್ತಜ್ಜ ಕಾಫಿ ತೋಟದ ಬಿಳಿ ದೊರೆ ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಲಂಡನ್ನಿನಲ್ಲಿ ನಮ್ಮ ಪಾಲಿನ ಆಸ್ತಿ ಇದೆ ಅನ್ನೋ ಮಾತೂ ಜೊತೆಗೇ ಬಂದಿತ್ತು. ಕಾಗದ ಮಾತ್ರ ಒಂದೂ ಇರಲಿಲ್ಲ.

ಜಮೀನು ಆಮೇಲೆ, ಮೊದಲು ಚರ್ಚಿನ ದಾಖಲೆ ನೋಡಿ ಅಂದವರು ನೀವು. ಕೊಡಗು 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಆಮೇಲೆ ಇಲ್ಲಿನ ಪಾದ್ರಿಗಳು ಬರೆದ ಜ್ಞಾನಸ್ನಾನ, ಮದುವೆ, ಸಮಾಧಿ ವಿವರಗಳ ನಕಲು ಮದ್ರಾಸಿನ ಲೆಕ್ಕಕ್ಕೆ ಸೇರಿ ಲಂಡನ್ನಿಗೆ ಹೋಗುತ್ತಿತ್ತು. ಈಗ ಅವು ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿ, ಇಂಡಿಯಾ ಆಫೀಸ್ ಅಂದರೆ ಭಾರತದ ಆಡಳಿತ ನೋಡುತ್ತಿದ್ದ ಹಳೇ ಕಚೇರಿಯ ದಾಖಲೆಗಳಲ್ಲಿವೆ. ಉಯಿಲುಗಳ ನಕಲೂ ಅಲ್ಲೇ. ಮಡಿಕೇರಿಯವರನ್ನು ಮದ್ರಾಸಿನ ಪಟ್ಟಿಯಲ್ಲಿ ಹುಡುಕಬೇಕು ಅಂತ ನನಗೆ ಹೊಳೆಯೋದಾದರೂ ಹೇಗೆ?

ಮಗುವಿನ ಜ್ಞಾನಸ್ನಾನದ ಸಾಲು ಸಿಕ್ಕಿತು. ಅಪ್ಪನ ಪೂರ್ತಿ ಹೆಸರು, ಕಸುಬು ಪ್ಲಾಂಟರ್. ಅಮ್ಮನದು ಬರೀ ಒಂದು ಹೆಸರು, ಮನೆತನ ಇಲ್ಲ. ಅದನ್ನು ಓದಿ ನನಗೆ ಸಿಟ್ಟೇ ಬಂತು. ಉಯಿಲಿನಲ್ಲಿ ಆ ತಾಯಿ ಮಗಳಿಗೆ ತಿಂಗಳಿಗಿಷ್ಟು ಅಂತ ಒಂದು ಸಣ್ಣ ಮೊತ್ತ, ಉಳಿದದ್ದು ಅವನ ತಂಗಿಗೆ. ಉಳಿದದ್ದು ಅಂದರೆ ಅಡವಿಟ್ಟ ತೋಟ! 1860ರ ದಶಕದಲ್ಲಿ ಕಾಫಿ ಗಿಡದ ಕಾಂಡ ಕೊರೆಯೋ ಬೋರರ್ ಹುಳು ಕೊಡಗಿನ ಎಷ್ಟೋ ತೋಟಗಳನ್ನು ತಿಂದುಹಾಕಿತ್ತು. ಆ ಕಾಲದ ಸಾಲ ಅದು ಅಂತ ಕಡತ ಓದಿ ಬಿಡಿಸಿ ಹೇಳಿದವರೂ ನೀವೇ. ಕಾಫಿ ಸಹ ನೀವೇ ಕುಡಿಸಿದಿರಿ.

ಚಿಕ್ಕಪ್ಪ ಇನ್ನೂ ಒಪ್ಪಿಲ್ಲ. ಲಂಡನ್ ಬ್ಯಾಂಕಿನಲ್ಲಿ ಏನೋ ಇದ್ದೇ ಇದೆ ಅಂತಾರೆ. ನಿಮ್ಮ ವಿಳಾಸ ಕೇಳಿದರು, ಕೊಟ್ಟಿಲ್ಲ.