ಬಾಯಿಬಿಟ್ಟು ಓದು, ಮಗಳೇ

ಪ್ರೀತಿಯ ಪುಟ್ಟಿ,

‘ಮಲೆಗಳಲ್ಲಿ ಮದುಮಗಳು’ ಎಂಬತ್ತು ಪುಟಕ್ಕೇ ನಿಂತಿತು, ‘ಕುಸುಮಬಾಲೆ’ ನಾಲ್ಕೇ ಪುಟಕ್ಕೆ ಅಂತ ಬರೆದಿದ್ದೀಯ. ಎರಡನ್ನೂ ಪೇಪರ್ ಓದುವ ಓಟದಲ್ಲೇ ಓದಲು ಹೊರಟಿದ್ದೀಯ, ಅದಕ್ಕೇ ಹಾಗಾಯಿತು. ಒಂದೊಂದು ಪುಸ್ತಕದ ನಡಿಗೆ ಒಂದೊಂದು ಥರ.

ಕುವೆಂಪು ಅವರ ‘ಮದುಮಗಳು’ ಕಾದಂಬರಿಯಲ್ಲಿ (1967) ಮೊದಲು ಕಾಡುವುದು ಹೆಸರುಗಳು. ಒಂದು ಹಾಳೆ ತಗೊಂಡು ಐದು ಊರು ಬರಿ: ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ. ಕೆಳಗೆ ಯಜಮಾನರನ್ನು ಕೂರಿಸು. ಸಿಂಬಾವಿಗೆ ಭರಮೈ ಹೆಗ್ಗಡೆ, ಹಳೆಮನೆಗೆ ಸುಬ್ಬಣ್ಣ ಹೆಗ್ಗಡೆ, ಬೆಟ್ಟಳ್ಳಿಗೆ ಕಲ್ಲಯ್ಯ ಗೌಡ, ಕೋಣೂರಿಗೆ ರಂಗಪ್ಪ ಗೌಡ, ಹೂವಳ್ಳಿಗೆ ವೆಂಕಪ್ಪ ನಾಯಕ. ಹೆಂಗಸರು, ಆಳುಗಳು, ಮಕ್ಕಳು ಬಂದ ಹಾಗೆಲ್ಲ ಆಯಾ ಮನೆಗೆ ಸೇರಿಸುತ್ತಾ ಹೋಗು. ನೂರು ಪುಟ ದಾಟುವಷ್ಟರಲ್ಲಿ ಹಾಳೆ ನೋಡುವ ಅಗತ್ಯವೇ ಇರುವುದಿಲ್ಲ. ದಿನಕ್ಕೆ ಇಪ್ಪತ್ತು ಪುಟ ಸಾಕು. ಆದರೆ ನಡುವೆ ವಾರಗಟ್ಟಲೆ ಬಿಡಬೇಡ, ಎಳೆ ತಪ್ಪಿದರೆ ಮತ್ತೆ ಹಿಡಿಯುವುದು ಕಷ್ಟ.

ಕಥಾನಾಯಕ ಯಾರು ಅಂತ ಮಾತ್ರ ಹುಡುಕಬೇಡ. ಬಹಳ ಜನ ಸೋಲುವುದು ಅಲ್ಲೇ. ಆಳು ಗುತ್ತಿ ಮತ್ತು ಅವನ ತಿಮ್ಮಿಯ ಕಥೆ ಹಿಡಿದುಕೊಂಡಿರುತ್ತಾರೆ, ಅದನ್ನು ಬಿಟ್ಟು ಕಥೆ ಇನ್ನೊಂದು ಜೋಡಿ ಮುಕುಂದಯ್ಯ–ಚಿನ್ನಮ್ಮನ ಕಡೆ ತಿರುಗಿದ ಕೂಡಲೇ ಬೇಸರ. ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಅಂತ ಕುವೆಂಪು ಬಾಗಿಲಲ್ಲೇ ಬರೆದಿಟ್ಟಿದ್ದಾರಲ್ಲ, ಅದು ಅಲಂಕಾರದ ಮಾತಲ್ಲ. ಇಡೀ ಪುಸ್ತಕ ಕಟ್ಟಿರುವುದೇ ಹಾಗೆ. ಗುತ್ತಿಯ ನಾಯಿ ಹುಲಿಯನಿಗೂ ಗೌಡರಷ್ಟೇ ಜಾಗ ಇದೆ. ಕೊನೆಗೆ ತುಂಬಿದ ತುಂಗೆಯಲ್ಲಿ ಅದು ಕೊಚ್ಚಿಹೋಗುವ ಪುಟಗಳನ್ನು ದಯವಿಟ್ಟು ಬಸ್ಸಿನಲ್ಲಿ ಓದಬೇಡ.

‘ಕುಸುಮಬಾಲೆ’ (1984) ಸಣ್ಣ ಪುಸ್ತಕ, ಆದರೆ ಕಣ್ಣಿಗೆ ದಕ್ಕುವುದಿಲ್ಲ. ದೇವನೂರ ಮಹಾದೇವ ನಂಜನಗೂಡು ಕಡೆಯ ಮಾತನ್ನು ಆಡಿದ ಹಾಗೇ ಬರೆದಿದ್ದಾರೆ. ನಮ್ಮ ಕಣ್ಣು ಶಾಲೆಯ ಕಾಗುಣಿತಕ್ಕೆ ಪಳಗಿದ್ದು, ಒಂದೊಂದು ಪದಕ್ಕೂ ಎಡವುತ್ತದೆ. ಕಿವಿ ಎಡವುವುದಿಲ್ಲ. ಅರ್ಧ ಪುಟ ಗಟ್ಟಿಯಾಗಿ ಓದು, ಮತ್ತೆ ಅದನ್ನೇ ಓದು. ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ಪೆನ್ಸಿಲಿನಲ್ಲಿ ಗೀಟು ಹಾಕು. ಗದ್ಯದೊಳಗೆ ಹಾಡಿನ ಸಾಲುಗಳು ಎದ್ದು ಕಾಣುತ್ತವೆ. ವಿದ್ವಾಂಸ ಎಲ್. ಬಸವರಾಜು ಅವರು ಇಡೀ ಕಾದಂಬರಿಯನ್ನು ಪದ್ಯದ ಸಾಲುಗಳಾಗಿ ಬಿಡಿಸಿ ತೋರಿಸಿದ್ದು ಸುಮ್ಮನೆ ಅಲ್ಲ. ನಿನಗೆ ಕಷ್ಟವಾದರೆ ಮೊದಲು ಜೋತಮ್ಮಗಳ, ಅಂದರೆ ಮಾತಾಡುವ ದೀಪಗಳ, ಭಾಗ ಓದು. ರಾತ್ರಿ ಮನೆಮನೆಯ ದೀಪಗಳು ಒಂದೆಡೆ ಸೇರಿ ಮಾತಿಗೆ ಕೂರುತ್ತವೆ. ಅಜ್ಜಿಯರು ಜಗುಲಿಯಲ್ಲಿ ಆಡುವ ಮಾತಿನ ಲಯ ಅದು, ಕಿವಿಗೆ ಬಿದ್ದರೆ ಉಳಿದದ್ದು ತಾನಾಗಿ ತೆರೆದುಕೊಳ್ಳುತ್ತದೆ.

ಸಿದ್ದಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯ ತೊಂದರೆ ಇದಕ್ಕೆ ಪೂರ್ತಿ ಉಲ್ಟಾ. ಅದು ಸಲೀಸಾಗಿ ಓಡುತ್ತದೆ, ನಗಿಸುತ್ತದೆ, ಆ ನಗುವಿನಲ್ಲೇ ನಾವು ಮೋಸಹೋಗುತ್ತೇವೆ. ಶುರುವಿನಲ್ಲೇ ಒಂದು ದೃಶ್ಯ ಬರುತ್ತದೆ. ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಇನ್ನೊಬ್ಬ ಉಳುತ್ತಿದ್ದಾನೆ. ನೋಡುತ್ತಿರುವವನು ಹುಡುಗ, ನೊಗಕ್ಕೆ ಹೆಗಲು ಕೊಟ್ಟವರಲ್ಲಿ ಒಬ್ಬರು ಅವನ ಅಪ್ಪ. ಸಿಟ್ಟಿನ ಒಂದು ಪದವನ್ನೂ ಬಳಸದೆ ಹೇಳಿ ಮುಗಿಸುತ್ತಾರೆ. ಅಲ್ಲಿ ಪುಸ್ತಕ ಮಡಚಿಟ್ಟು, ಅವರದೇ ‘ಹೊಲೆಮಾದಿಗರ ಹಾಡು’ (1975) ತೆಗೆದು ನಾಲ್ಕು ಪದ್ಯ ಓದು. ಅದೇ ಕೈ ಪದ್ಯದಲ್ಲಿ ಬೆಂಕಿ ಉಗುಳಿದೆ. ಎರಡನ್ನೂ ಒಟ್ಟಿಗೆ ಇಟ್ಟು ಓದಿದರೇ ಗದ್ಯದ ಆ ತಣ್ಣನೆಯ ದನಿಯ ಭಾರ ತಿಳಿಯುವುದು. ಲಂಕೇಶರ ಆತ್ಮಕಥೆ ‘ಹುಳಿಮಾವಿನ ಮರ’ ಓದುವಾಗಲೂ ಹೀಗೇ, ಅವರ ಹೆಂಡತಿ ಇಂದಿರಾ ಲಂಕೇಶರ ‘ಹುಳಿಮಾವು ಮತ್ತು ನಾನು’ ಪಕ್ಕದಲ್ಲಿರಲಿ. ಒಂದೇ ಸಂಸಾರ, ಎರಡು ಕಡೆಯಿಂದ.

ಬೇಂದ್ರೆಯವರನ್ನು ‘ನಾಕುತಂತಿ’ಯಿಂದ ಶುರುಮಾಡಬೇಡ. ಜ್ಞಾನಪೀಠ ಬಂದ ಪುಸ್ತಕ ಅಂತ ಎಲ್ಲರೂ ಅದಕ್ಕೇ ಕೈಹಾಕಿ, ನಿಘಂಟು ಹುಡುಕಿ ಸುಸ್ತಾಗುತ್ತಾರೆ. ‘ನೀ ಹೀಂಗ ನೋಡಬ್ಯಾಡ ನನ್ನ’ ತಗೋ, ಮಗುವನ್ನು ಕಳೆದುಕೊಂಡ ಗಂಡ ಹೆಂಡತಿಗೆ ಹೇಳುವ ಮಾತು. ಆ ಸಾಲನ್ನು ‘ನೀನು ನನ್ನನ್ನು ಹೀಗೆ ನೋಡಬೇಡ’ ಅಂತ ಒಮ್ಮೆ ಬದಲಿಸಿ ಹೇಳಿನೋಡು. ಅರ್ಥ ಅಷ್ಟೂ ಉಳಿಯಿತು, ಆದರೆ ಅದು ಬರೀ ಗದರಿಕೆಯಾಯಿತು. ‘ಹೀಂಗ’ದಲ್ಲಿ ಮೂಗಿಗೆ ಏರುವ ದನಿ, ‘ಬ್ಯಾಡ’ದಲ್ಲಿ ತೆರೆಯುವ ಬಾಯಿ, ಸಾಲಿನ ತುದಿಗೆ ಬಂದು ನಿಲ್ಲುವ ‘ನನ್ನ’, ಅಳು ಇರುವುದು ಅಲ್ಲೇ.

ಹಾಳೆ, ಪೆನ್ಸಿಲ್ ತಗೊಂಡು ಸಿಂಬಾವಿಯಿಂದ ಮತ್ತೆ ಶುರುಮಾಡು. ಎಲ್ಲಿ ಸಿಕ್ಕಿಹಾಕಿಕೊಂಡರೂ ಪುಟದ ನಂಬರ್ ಬರೆದು ಕಳಿಸು.

ನಿನ್ನ
ಅಮ್ಮ