ನಿನ್ನಲ್ಲಿ ಏನೂ ಬತ್ತಿಲ್ಲ, ಪುಟ್ಟು

ಚಿ. ಪುಟ್ಟುವಿಗೆ ಮಾವನ ಆಶೀರ್ವಾದಗಳು.

ಅಮೆರಿಕದ ಕಲಮಜೂವಿನಿಂದ ನೀನು ಬರೆದದ್ದು ತಲುಪಿತು. ಚಳಿ, ಪರೀಕ್ಷೆ, ಹೊಸ ರೂಮು, ಎಲ್ಲ ಓದಿದೆ. ಆದರೆ ಕೊನೆಯ ಸಾಲು ನನ್ನ ನಿದ್ದೆ ಕೆಡಿಸಿದೆ. "ನನ್ನ ಶಕ್ತಿಯೆಲ್ಲ ಬತ್ತಿಹೋಗಿದೆ ಮಾವ, ನಾನು ಮದುವೆಗೆ ಲಾಯಕ್ಕಿಲ್ಲ, ಅಮ್ಮನಿಗೆ ನೀವೇ ಹೇಳಿ." ಇದನ್ನು ನಿನಗೆ ಯಾವ ಡಾಕ್ಟರೂ ಪರೀಕ್ಷೆ ಮಾಡಿ ಹೇಳಿದ್ದಲ್ಲ. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ, ಹಸ್ತಮೈಥುನದ ಬಗ್ಗೆ ಹೆದರಿಸುವ, ಕೆಲ್ಲಾಗ್ ಎಂಬ ಅಮೆರಿಕದ ಡಾಕ್ಟರನ ಪುಸ್ತಕ ಹೇಳಿದ್ದು.

ಅದು ಮೊದಲು ಬಂದದ್ದು 1877ರಲ್ಲಿ. ಜಾನ್ ಹಾರ್ವೆ ಕೆಲ್ಲಾಗ್‌ಗೆ ಆಗ 25 ವರ್ಷ. ಹೆಚ್ಚುಕಡಿಮೆ ನಿನ್ನದೇ ವಯಸ್ಸು, ಮದುವೆಯೂ ಆಗಿರಲಿಲ್ಲ. ನೀನು ಹೇಳುವ ಹಾಗೆ ಓದಿದ ಡಾಕ್ಟರೇ, ಒಳ್ಳೇ ಸರ್ಜನ್. ನಿನ್ನೂರಿನ ಹತ್ತಿರದ ಬ್ಯಾಟಲ್ ಕ್ರೀಕ್‌ನಲ್ಲಿ ಅವನು ನಡೆಸಿದ ಆರೋಗ್ಯಧಾಮಕ್ಕೆ ದೊಡ್ಡ ದೊಡ್ಡವರು ಬರುತ್ತಿದ್ದರು. ತಂಬಾಕು ಬಿಡಿ, ವ್ಯಾಯಾಮ ಮಾಡಿ ಅಂದದ್ದು ಸರಿ. ಜೊತೆಗೇ ಹಸ್ತಮೈಥುನದಿಂದ ಮೂರ್ಛೆರೋಗ, ಹುಚ್ಚು, ಸಾವು ಬರುತ್ತದೆ ಎಂದೂ ಬರೆದ. ಮಸಾಲೆ, ಮಾಂಸ ಕಾಮ ಕೆರಳಿಸುತ್ತವೆ, ಸಪ್ಪೆ ಊಟವೇ ಮದ್ದು ಎಂದ. ಹುಡುಗರಿಗೆ ಅರಿವಳಿಕೆ ಕೊಡದೆ ಸುನ್ನತಿ ಮಾಡಿ ಎಂದ. ಹೆಣ್ಣುಮಕ್ಕಳಿಗೆ ಕಾರ್ಬಾಲಿಕ್ ಆಸಿಡ್ ಹಚ್ಚಿ ಎಂದ. ಇಂಥವನ ಮಾತು ಕೇಳಿ ನೀನು ಸಾರಿಗೆ ಮೆಣಸು ಹಾಕುವುದನ್ನೂ ಬಿಟ್ಟೆಯಲ್ಲ, ಸಂಕಟವಾಗುತ್ತದೆ ಕಣೋ.

ಹಸ್ತಮೈಥುನ ಮಾಡುವವರಿಗೆ ಅಂತ ಅವನು ಕೊಟ್ಟ ಲಕ್ಷಣಗಳನ್ನು ಇನ್ನೊಂದು ಸಲ ನೋಡು. ಸಂಕೋಚವೂ ಲಕ್ಷಣ, ಅತಿ ಧೈರ್ಯವೂ ಲಕ್ಷಣ. ನಿದ್ದೆ ಬಾರದಿರುವುದು, ಮೊಡವೆ, ಉಗುರು ಕಚ್ಚುವುದು, ಒಬ್ಬನೇ ಇರಲು ಇಷ್ಟಪಡುವುದು. ಪರದೇಶದಲ್ಲಿ ಓದುವ ಯಾವ ಹುಡುಗ ಇದರಲ್ಲಿ ಸಿಕ್ಕಿಬೀಳುವುದಿಲ್ಲ ಹೇಳು?

ಈ ಭಯ ಅವನಿಗಿಂತ ಹಳೇದು. ಒಂದು ಔನ್ಸ್ ವೀರ್ಯ ಹೋಗುವುದು 40 ಔನ್ಸ್ ರಕ್ತ ಹೋಗುವುದಕ್ಕಿಂತ ಕೆಟ್ಟದ್ದು ಎಂದು ಸ್ವಿಟ್ಜರ್ಲೆಂಡಿನ ಟಿಸ್ಸೋ ಎಂಬ ವೈದ್ಯ 18ನೇ ಶತಮಾನದಲ್ಲೇ ಬರೆದಿದ್ದ. ಧಾರವಾಡದ ನಮ್ಮ ಹಾಸ್ಟೆಲಿನಲ್ಲೂ ಒಂದು ಹನಿ ವೀರ್ಯಕ್ಕೆ 40 ಹನಿ ರಕ್ತ ಎಂಬ ಲೆಕ್ಕವೇ ಓಡಾಡುತ್ತಿತ್ತು. ಬಸ್ ಸ್ಟ್ಯಾಂಡಿನ ಗೋಡೆ ತುಂಬ 'ಗುಪ್ತರೋಗ' ಅಂತ ಬರೆದಿರುತ್ತಿತ್ತು. ನನ್ನ ರೂಮಿನ ಗೆಳೆಯ ಆ ಜಾಹೀರಾತಿನವರಿಂದ ಪುಡಿ ತಂದು ಹಾಲಿನಲ್ಲಿ ಕುಡಿಯುತ್ತಿದ್ದ. ಮನೆಯವರು ಕಳಿಸಿದ ದುಡ್ಡೆಲ್ಲ ಅಲ್ಲಿಗೇ. ಕೊನೆಗೆ ಓದು ಬಿಟ್ಟು ಊರಿಗೆ ಹೋದ. ನನಗೂ ಅದೇ ಭಯ ಇತ್ತು. 'ನನಗೂ ಹೀಗೇ ಆಗುತ್ತೆ ಕಣೋ' ಅಂತ ಒಂದು ಮಾತು ಹೇಳಿದ್ದರೆ ಅವನು ನಿಲ್ಲುತ್ತಿದ್ದನೇನೋ. ನಾಚಿಕೆ ಬಿಡಲಿಲ್ಲ. ಈಗಲೂ ಅದು ಕೊರೆಯುತ್ತದೆ. ಡಾ. ಎನ್.ಎನ್. ವಿಗ್ ಎಂಬ ಮನೋವೈದ್ಯರು 1960ರಲ್ಲೇ ಈ ಭಯಕ್ಕೆ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟಿದ್ದರು; ಧಾತ್ ಅಂದರೆ ಧಾತು, ವೀರ್ಯ. ಸುಸ್ತು, ನಿದ್ದೆಗೇಡು, ಕುಗ್ಗಿದ ಮನಸ್ಸು ಆ ಭಯದ ಜೊತೆ ಬರುವಂಥವು ಎಂದು ನಮಗೆ ಹೇಳುವವರೇ ಇರಲಿಲ್ಲ.

ಬತ್ತಿಹೋಗಿದೆ ಅಂದೆಯಲ್ಲ, ಅಲ್ಲಿಗೇ ಬರುತ್ತೇನೆ. ವೀರ್ಯಾಣು ದಿನವೂ ಹುಟ್ಟುತ್ತಲೇ ಇರುತ್ತದೆ. ಹುಟ್ಟಿ ಬಲಿಯಲು ಎರಡು, ಎರಡೂವರೆ ತಿಂಗಳು ಬೇಕು. ಉಳಿದ ದ್ರವ ಪ್ರಾಸ್ಟೇಟ್ ಮತ್ತು ಪಕ್ಕದ ಗ್ರಂಥಿಗಳದ್ದು. ನಿದ್ದೆಯಲ್ಲಿ ಹೋದರೂ, ಎಚ್ಚರದಲ್ಲಿ ಹೋದರೂ ಮೈ ಮತ್ತೆ ಮಾಡಿಕೊಳ್ಳುತ್ತದೆ. ಅದಕ್ಕಾಗಿ ರಕ್ತ ಖರ್ಚಾಗುವುದಿಲ್ಲ.

ಮಾವನಾಗಿ ಇದನ್ನೆಲ್ಲ ಬರೆಯಬೇಕಾ ಅಂತ ಅನ್ನಿಸುತ್ತಿದೆ, ಬೇಜಾರು ಮಾಡ್ಕೋಬೇಡ. ಮೊಟ್ಟೆ, ಈರುಳ್ಳಿ ಮತ್ತೆ ತಿನ್ನು. ಬರೀ ಓಟ್ಸ್ ತಿಂದರೆ ಸುಸ್ತಾಗದೆ ಇನ್ನೇನು? ನೋವು, ಉರಿ ಇದ್ದರೆ ಯೂನಿವರ್ಸಿಟಿಯ ಡಾಕ್ಟರಿಗೆ ತೋರಿಸು. ಏನೂ ಇಲ್ಲದಿದ್ದರೂ ಈ ಭಯ ಹೇಳಿಕೊಳ್ಳೋಕೆ ಸಾಧ್ಯವಾದರೆ ಒಮ್ಮೆ ಹೋಗು. ಮದುವೆ ಬೇಡ ಅನ್ನೋಕೆ ಬೇರೆ ಕಾರಣ ಇದ್ದರೆ ಅದು ನಿನ್ನಿಷ್ಟ, ನಿನ್ನ ಪರವಾಗಿ ನಾನೇ ಅಕ್ಕನ ಹತ್ತಿರ ಮಾತಾಡುತ್ತೇನೆ. ಈ ಕಾರಣಕ್ಕೆ ಮಾತ್ರ ಆಡುವುದಿಲ್ಲ.

ಅವಳಿಗೆ ಇನ್ನೂ ಏನೂ ಹೇಳಿಲ್ಲ. ಭಾನುವಾರ ಬೆಳಿಗ್ಗೆ ನಿನ್ನ ಅತ್ತೆ ದೇವಸ್ಥಾನಕ್ಕೆ ಹೋಗಿರುತ್ತಾಳೆ, ಮನೆಯಲ್ಲಿ ನಾನೊಬ್ಬನೇ. ನಿನಗೆ ಅಲ್ಲಿ ಶನಿವಾರ ರಾತ್ರಿ. ಫೋನ್ ಮಾಡು.

ನಿನ್ನ ಮಾವ